ಕೈ ಯಾರದು?

ಬೆಳಿಗ್ಗೆ ಎದ್ದಾಗಿನಿಂದ ಜಯಸಿಂಹನಿಗೆ ಯಾರದಾದರೂ ಕಪಾಳಕ್ಕೆ ಒಂದು ಬಾರಿಸಬೇಕು ಅನ್ನಿಸುತ್ತಿತ್ತು. ಯಾರ ಕಪಾಳ ಎಂದು ಗೊತ್ತಿರಲಿಲ್ಲ. ಗೀಸರು ಕೆಟ್ಟು ಕೂತಿತ್ತು, ಅದಕ್ಕೆ ಬಾರಿಸುವ ಹಾಗಿರಲಿಲ್ಲ. ಪಕ್ಕದ ಬಿಲ್ಡಿಂಗಿನಲ್ಲಿ ಯಾವನೋ ಟೈಲ್ಸು ಕೊರೆಯುವ ಮೆಷಿನ್ನು ಹಚ್ಚಿದ್ದ, ಅವನು ಕೈಗೆ ಸಿಕ್ಕುವ ಹಾಗಿರಲಿಲ್ಲ. ಕನ್ನಡಿಯ ಮುಂದೆ ನಿಂತು ಕೆನ್ನೆಗೆ ನೊರೆ ಬಳಿದುಕೊಂಡಾಗ ಒಂದು ಮುಖ ಎದುರಿಗೇ ಸಿಕ್ಕಿತು. ಹೈಸ್ಕೂಲು ಮೇಷ್ಟ್ರ ಮುಖ. ಯಾರು ಏನು ಹೇಳಿದರೂ ‘ನೋಡೋಣ ನೋಡೋಣ’ ಎನ್ನುತ್ತ ಅರ್ಧ ನಕ್ಕು ಸುಮ್ಮನಾಗುವ ಮುಖ. ಥೂ ಎಂದು ನೀರು ಎರಚಿಕೊಂಡ. ಬೆರಳ ಸಂದಿಯಲ್ಲಿ ಸೋಪು ಜಾರಿತು. ಶಾಲೆಯ ಹುಡುಗಿಯೊಬ್ಬಳ ತಾಯಿ ಚನ್ನವ್ವ ಮಣಿಕಟ್ಟಿಗೆ ಸೋಪು ತಿಕ್ಕಿಕೊಳ್ಳುತ್ತ ಗೋಡೆಯ ಕಡೆ ಮುಖ ತಿರುಗಿಸಿದ್ದು ಕಣ್ಣಿಗೆ ಕಟ್ಟಿತು. ಆ ದಿನದಿಂದ ಸೋಪು ಮುಟ್ಟಿದಾಗಲೆಲ್ಲ ಇದೇ ಗೋಳು. ಅರ್ಧ ಗಡ್ಡ ಹೆರೆದಿದ್ದವನು ಹಾಗೇ ನಿಂತುಬಿಟ್ಟ, ಹೊರಗಿನಿಂದ ಅಮ್ಮ ಕೂಗುವವರೆಗೆ.

“ಜಯಾ, ಈ ಸೀರೆ ನೋಡೋ ಸ್ವಲ್ಪ. ವಿಡಿಯೋದಲ್ಲಿ ಉಟ್ಟಿದ್ದು ತಿಳಿನೀಲಿ. ಇವತ್ತು ಬೇರೆ ಉಟ್ರೆ ಜನಕ್ಕೆ ಗುರುತು ಸಿಗುತ್ತೇನೋ?”

ಗುರುತು ಸಿಗಬೇಕಂತೆ! ಎಂಬತ್ತರ ಹತ್ತಿರ ಬಂದ ಮುದುಕಿ, ಕನ್ನಡ ಸಂಘದ ಹಾಲಿಗೆ ಹೋಗುವುದಕ್ಕೆ ಬೀರುವಿನ ಸೀರೆಗಳನ್ನೆಲ್ಲ ಮಂಚದ ಮೇಲೆ ಸುರಿದುಕೊಂಡು ಕೂತಿದ್ದಾಳೆ. ಅವನು ಉತ್ತರ ಕೊಡುವಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಅವಳ ಧ್ವನಿ ಆ ಕ್ಷಣವೇ ಬದಲಾಯಿತು, ಅದರೊಳಗೆ ಬೆಲ್ಲ ಬಿತ್ತು. “ಹೂಂನಮ್ಮ, ನಾನೇ ಸರಸ್ವತಜ್ಜಿ. ಚೆನ್ನಾಗಿತ್ತಾ? ಸಂತೋಷ. ಗುಟ್ಟೇನೂ ಇಲ್ಲ ತಾಯಿ, ನೀರು ಕುದಿಯೋವಾಗಲೇ ಹಿಟ್ಟಿಗೆ ಹಾಕ್ಬೇಕು, ಬಿಸಿ ಇರೋವಾಗಲೇ ನಾದಬೇಕು. ಕೈ ಸುಡುತ್ತೆ, ಸುಡ್ಲಿ. ಸುಟ್ಟ ಕೈಗೇ ರೊಟ್ಟಿ ಒಲಿಯೋದು.” ಜಯಸಿಂಹ ಹಲ್ಲು ಕಚ್ಚಿದ. ಅಮ್ಮ ಹುಟ್ಟಿದ್ದು ಮೈಸೂರಿನಲ್ಲಿ. ಮದುವೆಯಾಗಿ ಬಂದದ್ದು ಆಂಟಾಪ್ ಹಿಲ್ಲಿನ ಸರ್ಕಾರಿ ಕ್ವಾರ್ಟರ್ಸಿಗೆ. ಅಕ್ಕಿ ರೊಟ್ಟಿ ತಟ್ಟುತ್ತಾಳೆ, ಅದೂ ಬಾಣಲೆಗೇ. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಜೀವಮಾನದಲ್ಲಿ ಒಂದು ತುಂಡು ಬಾಯಿಗೆ ಇಟ್ಟವಳಲ್ಲ. ಈಗ ಸುಟ್ಟ ಕೈಯ ಮಾತಾಡುತ್ತಿದ್ದಾಳೆ! ಮೊದಮೊದಲು ಫೋನು ಬಂದರೆ ಹೆದರಿ ಅವನಿಗೆ ಕೊಡುತ್ತಿದ್ದಳು. ಆಮೇಲೆ ಹೂಂ ಹೂಂ ಎನ್ನತೊಡಗಿದಳು. ಈಗ ಅವಳೇ ನಂಬಿದ್ದಾಳೆ. ಅವಳನ್ನು ಬಯ್ಯೋಣವೆಂದರೆ, ಇದಕ್ಕೆ ಅವಳನ್ನು ಕೂರಿಸಿದವನು ಯಾರು? ಅರ್ಧ ಹೆರೆದ ಗಡ್ಡ ಉರಿಯುತ್ತಿತ್ತು.

ಇದೆಲ್ಲ ಶುರುವಾದದ್ದು ವಸಿಷ್ಠನಿಂದ. ಹಾಳಾದವನು. ವಡಾಲದ ಈ ಕನ್ನಡ ಹೈಸ್ಕೂಲಿಗೆ ಮಕ್ಕಳೇ ಬರುವುದಿಲ್ಲ. ಒಂಬತ್ತನೇ ಕ್ಲಾಸಿನವರೆಲ್ಲ ಕಿಟಕಿ ಪಕ್ಕದ ಒಂದೇ ಸಾಲಿನಲ್ಲಿ ಹಿಡಿಸುತ್ತಾರೆ. ಶಾಲೆ ಮುಚ್ಚುವ ಮಾತು ಪ್ರತಿ ವರ್ಷ ಬಂದು ಹೋಗುತ್ತಿತ್ತು. ಆಗ ಸಂಘದ ಅಧ್ಯಕ್ಷರು ಯಾವುದೋ ಕಂಪನಿಯ ಈ ಹುಡುಗನನ್ನು ಕರೆತಂದರು. ಬೆಂಗಳೂರಿನವನು, ಕಾಲಿಗೆ ಬಿಳಿ ಶೂ, ಬಾಯಿ ತೆರೆದರೆ ಟೀಮ್, ಟೀಮ್. ಆನ್‌ಲೈನ್ ವ್ಯಾಪಾರವನ್ನು ಮಕ್ಕಳು ಪುಸ್ತಕದಲ್ಲಿ ಓದಬಾರದು, ತಾವೇ ಅಂಗಡಿ ತೆರೆದು ಮಾರಿ ಕಲಿಯಬೇಕು ಎಂದ. ಸಮಾಜ ಪಾಠ ಮಾಡುವ ಜಯಸಿಂಹನೇ ಇದಕ್ಕೆ ಮಾರ್ಗದರ್ಶಿ ಎಂದಾಯಿತು. ಸುಳ್ಳು ಹೇಳಬಾರದು, ಮೊದಮೊದಲು ಅವನಿಗೂ ಖುಷಿಯಾಗಿತ್ತು. ಏನು ಮಾರೋಣ ಎಂದಾಗ ನೇತ್ರಾ ಎದ್ದು ನಿಂತು, “ಸರ್, ನಮ್ಮವ್ವ ಕಡಕ್ ರೊಟ್ಟಿ ಬಹುತ್ ಮಸ್ತ್ ಮಾಡ್ತಾಳ್ರಿ” ಎಂದಳು. ಎಲ್ಲರೂ ನಕ್ಕರು. ಮರುದಿನ ಡಬ್ಬಿ ತುಂಬ ತಂದಳು, ಯಾರೂ ನಗಲಿಲ್ಲ, ಬರೇ ಕರಕರ ಶಬ್ದ. ಕ್ಲಾಸಿನಲ್ಲಿ ಎಂದೂ ಬಾಯಿಬಿಡದ ಮಕ್ಕಳು ಫೋಟೋ ತೆಗೆದರು, ರೊಟ್ಟಿ ಮುರಿಯದ ಹಾಗೆ ಪ್ಯಾಕಿಂಗ್ ಹೇಗೆ ಎಂದು ಜಗಳಾಡಿದರು, ಪುಣೆಯಿಂದ ಮೊದಲ ಆರ್ಡರು ಬಂದಾಗ ಬೆಂಚು ಹತ್ತಿ ಕುಣಿದರು. ಅಂಗಡಿಯ ಹೆಸರು ‘ಚನ್ನವ್ವನ ಕಡಕ್ ರೊಟ್ಟಿ’ ಎಂದಿತ್ತು. ನೇತ್ರಾ ಅದನ್ನು ತನ್ನ ಕೈಬರಹದಲ್ಲಿ ಬರೆದಿದ್ದಳು, ಚ ಅಕ್ಷರದ ಹೊಟ್ಟೆ ದೊಡ್ಡದಾಗಿ. ಆಗಲೇ ಸಾಕು ಎಂದು ನಿಲ್ಲಿಸಿದ್ದರೆ ಯಾರ ಗಂಟು ಹೋಗುತ್ತಿತ್ತು?

ಆರ್ಡರು ಏರಲಿಲ್ಲ. ವಸಿಷ್ಠ ವಿಡಿಯೋ ನೋಡಿ ಮೂಗು ಮುರಿದ. ಚನ್ನವ್ವ ಕ್ಯಾಮೆರಾ ನೋಡುವುದಿಲ್ಲ, ಹಿಂದೆ ಪತ್ರಾ ತಗಡಿನ ಗೋಡೆ ಕಾಣುತ್ತದೆ, ಮುಖದಲ್ಲಿ ನಗು ಇಲ್ಲ. “ಟ್ರಸ್ಟ್ ಬರಲ್ಲ ಸರ್. ಜನ ತಿನ್ನೋ ಪದಾರ್ಥ ತಗೋಳೋವಾಗ ಒಂದು ಫೇಸ್ ನೋಡ್ತಾರೆ.” ಅದೇ ವಾರ ಕಾಫಿಗೆಂದು ಮನೆಗೆ ಬಂದವನು ಅಮ್ಮನನ್ನು ನೋಡಿ ಕಪ್ಪು ಕೆಳಗಿಟ್ಟ. ಬೆಳ್ಳಗಿನ ತಲೆ, ತಿಳಿನೀಲಿ ಹತ್ತಿ ಸೀರೆ, ಬಾಯಿ ತುಂಬ ನಗು. “ಸರ್, ಬ್ರ್ಯಾಂಡ್ ನಿಮ್ಮನೇಲೇ ಕೂತಿದೆ!” ಜಯಸಿಂಹ ಅರ್ಧ ನಕ್ಕು ನೋಡೋಣ ನೋಡೋಣ ಎಂದ. ನೋಡಿದ್ದೇನು, ಅಮ್ಮನ ಮುಖವನ್ನೂ ಚನ್ನವ್ವನ ಕೈಗಳನ್ನೂ ಜೋಡಿಸಿ ಎರಡನೇ ವಿಡಿಯೋ ಬಂತು. ಎರಡನ್ನೂ ಆನ್‌ಲೈನಿಗೆ ಬಿಟ್ಟು ನೋಡಿದರು. ಜನ ಅಮ್ಮನ ಮುಖಕ್ಕೆ ಮುಗಿಬಿದ್ದರು. ಕ್ಲಾಸಿನಲ್ಲಿ ವಸಿಷ್ಠ, “ಕಸ್ಟಮರ್ ಹೇಳಾಯ್ತು, ಈಗ ಟೀಮ್ ಹೇಳ್ಲಿ. ಅಜ್ಜಿ ಮುಖ ಬೇಕು ಅನ್ನೋರು ಕೈ ಎತ್ತಿ” ಎಂದ. ಒಂದೊಂದೇ ಕೈ ಮೇಲೆದ್ದವು. ನೇತ್ರಾ ಅತ್ತಿತ್ತ ನೋಡಿದಳು. ಆಮೇಲೆ ಜಯಸಿಂಹನ ಕಡೆ ನೋಡಿದಳು. ಅವನು ಕಿಟಕಿಯಾಚೆ ಹಾರ್ಬರ್ ಲೈನಿನ ಲೋಕಲ್ ಹೋಗುವುದನ್ನು, ಜೀವನದಲ್ಲಿ ಲೋಕಲ್ಲನ್ನೇ ಕಾಣದವನ ಹಾಗೆ ನೋಡುತ್ತ ನಿಂತ. ಮತ್ತೆ ತಿರುಗಿದಾಗ ಅವಳ ಕೈಯೂ ಎದ್ದಿತ್ತು, ಮೊಣಕೈ ಡೆಸ್ಕಿಗೆ ಊರಿ, ಅರ್ಧ. ಸ್ವಂತ ತಾಯಿಯ ಮುಖ ಬೇಡ ಎಂದು ಎತ್ತಿದ ಕೈ. ವ್ಯಾಪಾರ ಕಲಿಸಿದೆವಲ್ಲ, ಶಭಾಷ್!

ಅವನ ಉಳಿದರ್ಧ ಗಡ್ಡವೂ ಅಮ್ಮನ ಸೀರೆಯ ಸಡಗರವೂ ಮುಗಿದು ಕೊನೆಗೆ ತಿಳಿನೀಲಿಯದೇ ಆಯಿತು. ಟ್ಯಾಕ್ಸಿ ಬೇಡ, ನಡೆದೇ ಹೋಗೋಣ, ಯಾರಾದರೂ ಗುರುತಿಸಿದರೆ ಮಾತಾಡಿಸುತ್ತಾರೆ ಎಂದಳು ಅಮ್ಮ. ಅವಳ ಎಡಗೈ ಹಿಡಿದುಕೊಂಡು ಅವನು ಫುಟ್‌ಪಾತಿನ ಮೇಲೆ ನಡೆದ. ಫುಟ್‌ಪಾತ್ ಎಲ್ಲಿದೆ, ಅಗೆದು ಹಾಕಿದ ಮಣ್ಣು, ಅದರ ಮೇಲೆ ಸ್ಕೂಟರು. ಒಬ್ಬ ಹಾರ್ನು ಹೊಡೆದ, ಜಯಸಿಂಹ “ಅಂಧಾ ಹೈ ಕ್ಯಾ?” ಎಂದು ಕಿರುಚಿದ. “ಯಾಕೋ ಬೆಳಿಗ್ಗೆಯಿಂದ ಎಲ್ಲರ ಮೇಲೂ ಹರಿಹಾಯ್ತಿದೀಯ?” ಎಂದು ಅಮ್ಮ ಕೇಳಿದಳು. ಅವನ ಹೆಬ್ಬೆರಳು ಅವಳ ಮಣಿಕಟ್ಟಿನ ಮೇಲಿತ್ತು. ಅಲ್ಲಿ ಚರ್ಮದಲ್ಲಿ ಒಂದು ಗೆರೆ, ಹಳೆಯ ಗಾಯದ್ದು. ಅಪ್ಪ ಹೋದಾಗ ಅವನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವ ಹುಡುಗ. ಊರಿನಿಂದ ಬಂದ ಸೋದರತ್ತೆ, ಬಿಲ್ಡಿಂಗಿನ ಇನ್ನೊಬ್ಬ ಹೆಂಗಸು, ಇಬ್ಬರೂ ಅಮ್ಮನನ್ನು ಬಚ್ಚಲಿಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಒಳಗಿನಿಂದ ಅಮ್ಮ ಅತ್ತಿದ್ದು ಕೇಳಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗಾಜು ಒಡೆಯುವ ಸದ್ದು ಕೇಳಿತು, ನಿಂತಿತು, ಮತ್ತೆ ಕೇಳಿತು. ಹೊರಗೆ ಬಂದಾಗ ಸೀರೆಯ ಸೆರಗಿನೊಳಗೆ ಕೈ ಮುಚ್ಚಿಕೊಂಡಿದ್ದಳು. ಸೆರಗಿನ ಮೇಲೆ ರಕ್ತ. ಆಮೇಲೆ ಬಹಳ ದಿನ ಅವಳ ಬಲಗೈ ಬೆರಳು ಎಡಗೈಯ ಇಲ್ಲದ ಬಳೆಗಳನ್ನು ತಿರುಗಿಸುತ್ತಿದ್ದವು. ರೇಡಿಯೋ ಕೇಳುವಾಗ, ಅನ್ನ ಬೇಯುವುದನ್ನು ಕಾಯುವಾಗ. ಅದನ್ನು ನೋಡಿದರೆ ಆ ಹುಡುಗನಿಗೆ ಅತ್ತೆಯ ಮೇಲೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ಅವಳು ಕಳಿಸಿದ ದೀಪಾವಳಿ ಅಂಗಿಯನ್ನು ಕತ್ತರಿಯಲ್ಲಿ ಕತ್ತರಿಸಿ ಹಾಕಿದ್ದ. ಮದುವೆ ಗಿದುವೆ ಆಗದೆ ಅಮ್ಮನ ಜೊತೆಯೇ ಉಳಿದು ಇಷ್ಟು ವಯಸ್ಸಾದರೂ ಆ ಸದ್ದನ್ನು ಅವನು ಮರೆತಿಲ್ಲ ಎಂದುಕೊಂಡಿದ್ದ. ಮರೆತಿರದಿದ್ದರೆ ಆಂಟಾಪ್ ಹಿಲ್ಲಿನಲ್ಲಿರುವ ಚನ್ನವ್ವನ ಮನೆಗೆ ಹಾಗೆ ಹೋಗುತ್ತಿದ್ದನೇ?

ವಿಡಿಯೋದ ಕೆಳಗೆ ಹುಬ್ಬಳ್ಳಿ ಕಡೆಯವರು ಯಾರೋ ಬರೆದಿದ್ದರು: ‘ಅಜ್ಜಿ ಹಣಿ ಬೋಳು, ಕೈತುಂಬ ಹಸರ ಬಳಿ. ಕೈ ಯಾರದು?’ ಅಷ್ಟೇ. ಅದರ ಕೆಳಗೆ ನಗುವವರ ಸಾಲು, ಬಯ್ಯುವವರ ಸಾಲು. ಅಜ್ಜಿಗೆ ಬಾಡಿಗೆ ಕೈ ಎಂದು ಒಬ್ಬ. ಆರ್ಡರು ವಾಪಸು ಬರತೊಡಗಿದವು. ವಸಿಷ್ಠನಿಗೆ ತಲೆಬುಡ ತಿಳಿಯಲಿಲ್ಲ, ತಿಳಿಸಿದ ಮೇಲೆ, “ಓ, ಕಂಟಿನ್ಯೂಟಿ ಪ್ರಾಬ್ಲಮ್” ಎಂದ. ಅವನ ಲೆಕ್ಕಕ್ಕೆ ಅದು ಅಷ್ಟೇ. ಎರಡು ದಾರಿ ಎಂದ. ಅಜ್ಜಿಗೆ ಕುಂಕುಮ ಇಟ್ಟು ಬಳೆ ತೊಡಿಸುವುದು, ಇಲ್ಲವೇ ಆ ಹೆಂಗಸಿನ ಬಳೆ ತೆಗೆಸುವುದು. ಅಮ್ಮನೇ ರೊಟ್ಟಿ ತಟ್ಟಲಿ ಎಂದು ಪ್ರಯತ್ನಿಸಿ ಆಗಿತ್ತು, ಹಿಟ್ಟು ಹರಿದು ಮಣೆಗೆ ಅಂಟಿತ್ತು. ಅಮ್ಮನಿಗೆ ಬಳೆ ತೊಡು ಎನ್ನುವುದೇ? ಮೂರು ಸಲ ಅವಳ ಕೋಣೆಯ ಬಾಗಿಲವರೆಗೆ ಹೋಗಿ ಫ್ಯಾನು ಜೋರು ಮಾಡಲೇ, ಮಾತ್ರೆ ತಗೊಂಡೆಯಾ ಎಂದು ಕೇಳಿ ವಾಪಸು ಬಂದ. ಆ ಮಾತು ನಾಲಿಗೆಯ ಮೇಲೆ ಬರುವಂಥದೇ ಅಲ್ಲ. ಸ್ವಂತ ತಾಯಿಗೆ ಬಳೆ ತೊಡಮ್ಮ ಎನ್ನಲಾರದವನು ಇನ್ನೊಬ್ಬರ ಮನೆಗೆ ಹೋಗಿ ಬಳೆ ತೆಗೆಯಮ್ಮ ಎಂದ. ಎಷ್ಟು ಸಲೀಸಾಗಿ ಎಂದ! ಚನ್ನವ್ವ ನೆಲದ ಮೇಲೆ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅವನಿಗೆ ಇದ್ದೊಂದು ಪ್ಲಾಸ್ಟಿಕ್ ಕುರ್ಚಿ, ವಸಿಷ್ಠ ಬಾಗಿಲಲ್ಲಿ ಕ್ಯಾಮೆರಾ ಸ್ಟ್ಯಾಂಡು ಬಿಚ್ಚುತ್ತಿದ್ದ. ಶಾಲೆ, ಮಕ್ಕಳ ಭವಿಷ್ಯ, ಅದು ಇದು ಎಂದು ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬಂದಾಗ ಅವಳ ಜರಡಿ ನಿಂತಿತು.

“ಬಳಿ ಅಂದ್ರ, ಎಲ್ಲಾನೂ ಏನ್ರಿ ಸರ?”

“ಸ್ವಲ್ಪ ಹೊತ್ತು ಅಷ್ಟೇ ಚನ್ನವ್ವ. ವಿಡಿಯೋ ಮುಗಿಯೋವರೆಗೆ.”

“ಅವರು ಗಾಡಿ ಮ್ಯಾಲೆ ಹೋಗ್ಯಾರ್ರಿ.” ಅವಳ ಗಂಡನ ಹೆಸರು ಬಸು, ಟ್ರಕ್ಕು ಓಡಿಸುತ್ತಾನೆ, ಆಗ ಗುಜರಾತಿನ ದಾರಿಯಲ್ಲೆಲ್ಲೋ ಇದ್ದ. ಗಂಡ ರಸ್ತೆಯ ಮೇಲಿರುವಾಗ ಕೈ ಬರಿದು ಮಾಡುವುದೆಂದರೇನು ಎಂದು ಜಯಸಿಂಹನಿಗೆ ತಿಳಿಯದ್ದೇ? ವಸಿಷ್ಠನಿಗೆ ತಿಳಿಯದಿರಬಹುದು, ಅವನಿಗೆ ಯಾವುದೂ ತಿಳಿಯುವುದಿಲ್ಲ. ಮೂಲೆಯಲ್ಲಿ ನಿಂತಿದ್ದ ನೇತ್ರಾ, “ಸರ್, ಪ್ಲೀಸ್, ಮತ್ ಕರೋ ನಾ ಸರ್” ಎಂದಳು. ಚನ್ನವ್ವ ಮಗಳನ್ನೂ ಅವನನ್ನೂ ನೋಡಿದಳು. “ಇದಕ್ಕ ಇಕಿಗೆ ಮಾರ್ಕ್ಸ್ ಅದಾವೇನ್ರಿ?” ಇಲ್ಲ ಎನ್ನಬಹುದಾಗಿತ್ತು. ಒಂದು ಶಬ್ದ, ಇಲ್ಲ. ಅವನ ಗಂಟಲು ತೆರೆದು ಹೊರಬಿದ್ದದ್ದು “ಇದಾವೆ” ಎಂಬ ಮಾತು. ಅವಳು ಎದ್ದು ಸೋಪು ತಂದಳು. ಮೈ ತುಂಬಿದ ಹೆಂಗಸು, ವರ್ಷಗಟ್ಟಲೆ ಕೈಯಲ್ಲೇ ಬೆಳೆದ ಬಳೆಗಳು, ಗೆಣ್ಣಿನ ಹತ್ತಿರ ಸಿಕ್ಕಿಕೊಂಡವು. ಗೋಡೆಯ ಕಡೆ ಮುಖ ತಿರುಗಿಸಿ ತಿಕ್ಕಿದಳು. ಒಂದು ಒಡೆಯಿತು. ಗಾಜಿನ ಚೂರು ಹಿಟ್ಟಿನ ಪರಾತಕ್ಕೆ ಬಿತ್ತು, ಅವಳು ಬಾಯಿಗೆ ಸೆರಗು ಒತ್ತಿಕೊಂಡಳು, ಆ ಹಿಟ್ಟನ್ನೆಲ್ಲ ನೇತ್ರಾ ಹೊರಗೆ ಚೆಲ್ಲಿ ಬಂದಳು. ಬರಿದಾದ ಕೈಗೆ ಚನ್ನವ್ವ ಒಂದು ಅರಿಸಿನದ ದಾರ ಕಟ್ಟಿಕೊಂಡು ಮಣೆಯ ಮುಂದೆ ಕೂತಳು. ವಸಿಷ್ಠ ಕ್ಯಾಮೆರಾದೊಳಗೆ ಇಣುಕಿ, “ಥ್ರೆಡ್ ಕಾಣ್ತಿದೆ ಸರ್” ಎಂದ. ಆಗ ಕಪಾಳಕ್ಕೆ ಬಾರಿಸಬೇಕಿತ್ತು. ಆಗ! ಈಗ ಬೆಳಿಗ್ಗೆ ಎದ್ದು ಬಚ್ಚಲಲ್ಲಿ ನಿಂತು ಹಲ್ಲು ಕಡಿದರೆ ಏನು ಬಂತು? ಅವನು ಏನಾದರೂ ಅಂದಾನು ಎಂದು ಚನ್ನವ್ವ ಕಾದಳು, ಆಮೇಲೆ ಹಲ್ಲಿನಿಂದ ದಾರ ಬಿಚ್ಚಿದಳು. ರೊಟ್ಟಿ ತಟ್ಟುವಾಗ ಸದ್ದೇ ಬೇರೆಯಾಗಿತ್ತು, ಬಳೆಯ ಸದ್ದು ಇಲ್ಲದೆ ಬರೇ ಅಂಗೈ ಬಡಿಯುವ ಸದ್ದು. ಹೊರಡುವಾಗ ಹೊಸ್ತಿಲವರೆಗೆ ಬಂದು, “ಅವರಿಗೆ ಹೇಳಬ್ಯಾಡ್ರಿ ಸರ” ಎಂದಳು. ಆ ಮೇಲೆ ದಿನವೂ ಜಯಸಿಂಹ ಕ್ಲಾಸಿನಲ್ಲಿ ಹಾಜರಿ ಕರೆಯುವ ನೆಪದಲ್ಲಿ ನೇತ್ರಾಳ ಮುಖ ನೋಡುತ್ತಿದ್ದ. ಟ್ರಕ್ಕಿನ ಸುದ್ದಿ ಏನಾದರೂ ಬಂದಿದೆಯೇ ಎಂದು ಕೇಳಲು ಧೈರ್ಯವಿರಲಿಲ್ಲ. ಜಾತಕ ಗೀತಕ ನಂಬದ ಮನುಷ್ಯ, ಹೆದ್ದಾರಿಯ ಅಪಘಾತದ ಸುದ್ದಿ ಕಂಡರೆ ಪೇಪರು ಮಡಚಿ ಇಡುತ್ತಿದ್ದ.

ಸಂಘದ ಹಾಲಿನ ಬಾಗಿಲಲ್ಲೇ ನೇತ್ರಾ ಸಿಕ್ಕಳು. ಯೂನಿಫಾರ್ಮಿಗೆ ಇಸ್ತ್ರಿ, ಕೈಯಲ್ಲಿ ಲ್ಯಾಪ್‌ಟಾಪು. ಇವತ್ತು ಹೊಸ ವಿಡಿಯೋ ಮೊದಲ ಸಲ ಪರದೆಗೆ ಬರುವುದು, ಅದನ್ನು ಓಡಿಸುವ ಕೆಲಸ ಅವಳದು. ಅಮ್ಮನನ್ನು ಹೆಡ್‌ಮಿಸ್ಟ್ರೆಸ್ ವಿನೋದಿನಿ ಮೇಡಂ ಕೈಹಿಡಿದು ಮುಂದಿನ ಸಾಲಿಗೆ ಕರೆದೊಯ್ದರು. ಜಯಸಿಂಹ ಇನ್ನು ತಡೆಯಲಾರದೆ ಕೇಳಿಯೇಬಿಟ್ಟ. “ಅಪ್ಪ ಬಂದ್ರೇನಮ್ಮ?”

“ರಾತ್ರಿ ಬಂದಾರ್ರಿ.” ಅವನ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿಯುವಷ್ಟರಲ್ಲೇ ಅವಳು, “ಫಂಕ್ಷನ್‌ಗೆ ಬರ್ತಾರ್ರಿ. ಅವ್ವ ಬ್ಯಾಡ ಅಂದ್ಲು, ಕೇಳಲಿಲ್ಲ. ಮಗಳ ದುಕಾನ್ ನೋಡ್ಬೇಕು ಅಂತಾರ” ಎಂದಳು. ಆಮೇಲೆ ನೆಲ ನೋಡುತ್ತ, “ಸರ್, ವೋ ವಿಡಿಯೋ ಬ್ಯಾಡ್ರಿ ಸರ್. ಹಳೇದು ಹಾಕೋಣ. ಅಪ್ಪ ನೋಡಿದ್ರ...” ಎಂದು ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡಳು. ಜಯಸಿಂಹ ನೇರ ವಸಿಷ್ಠನ ಹತ್ತಿರ ಹೋದ. ಅವನು ಮೈಕು ಊದಿ ನೋಡುತ್ತಿದ್ದ. ವಿಡಿಯೋ ತೆಗೆದುಬಿಡಿ ಎಂದರೆ, “ಸರ್ ಪ್ಲೀಸ್, ಇದೇ ಲಾಂಚ್. ಡೊನೇಟ್ ಮಾಡೋರು ಕೂತಿದಾರೆ” ಎಂದ. ವಿನೋದಿನಿ ಮೇಡಂಗೆ ಹೇಳಿದ. ಅವರು ಸುತ್ತ ನೋಡಿ ದನಿ ತಗ್ಗಿಸಿ, “ಜಯಸಿಂಹ, ಇದು ಹೋದ್ರೆ ಮುಂದಿನ ಜೂನಿಗೆ ಬಾಗಿಲು ಹಾಕ್ತೀವಿ. ನಿಮಗೂ ಗೊತ್ತು. ಕೈ ಯಾರದು ಅಂತ ಯಾರು ಗುರುತು ಹಿಡೀತಾರೆ ಹೇಳಿ? ಕೈಗೆ ಮುಖ ಇರುತ್ತಾ?” ಎಂದರು. ಅದೂ ಸರಿ ಅನ್ನಿಸಿತು ಅವನಿಗೆ! ಇದೇ ಅವನ ಹಣೆಬರಹ, ಯಾರು ಕೊನೆಗೆ ಮಾತಾಡಿದರೋ ಅವರದು ಸರಿ ಅನ್ನಿಸುತ್ತದೆ. ಪರದೆಯ ಪಕ್ಕದ ಕಂಬಕ್ಕೆ ಒರಗಿ ನಿಂತ. ನೇತ್ರಾ ಲ್ಯಾಪ್‌ಟಾಪಿನ ಹಿಂದಿನಿಂದ ಅವನನ್ನೇ ನೋಡುತ್ತಿದ್ದಳು, ಕೈ ಎತ್ತುವ ಮುಂಚೆ ನೋಡಿದ್ದಳಲ್ಲ, ಹಾಗೇ. ಈ ಸಲ ನೋಡಲು ಕಿಟಕಿಯೂ ಇರಲಿಲ್ಲ.

ಹಾಲ್ ಜನರಿಂದ ತುಂಬಿತ್ತು. ಹೆಂಗಸರ ಸಾಲಿನ ಕೊನೆಯಲ್ಲಿ ಚನ್ನವ್ವ, ಕೈತುಂಬ ಹೊಸ ಹಸಿರು ಬಳೆ, ತಲೆಯ ಮೇಲೆ ಸೆರಗು. ಹಿಂದೆ ಬಾಗಿಲ ಹತ್ತಿರ ಕುರ್ಚಿ ಸಿಗದವರ ಜೊತೆ ಒಬ್ಬ ಕಪ್ಪನೆಯ ದಪ್ಪ ಮೀಸೆಯವನು ಹೊಸ ಅಂಗಿಯ ಮಡಿಕೆ ಬಿಡಿಸದೆ ಹಾಕಿಕೊಂಡು ನಿಂತಿದ್ದ. ಮಗಳ ಕಡೆ ಕೈ ಬೀಸಿದಾಗ ಅವನೇ ಬಸು ಎಂದು ತಿಳಿಯಿತು. ಬದುಕಿದ್ದಾನೆ, ಪುಣ್ಯಾತ್ಮ. ಅಧ್ಯಕ್ಷರ ಭಾಷಣವಾಯಿತು. ವಸಿಷ್ಠ ಅಮ್ಮನನ್ನು ವೇದಿಕೆಗೆ ಕರೆದು ಕೈಗೆ ಮೈಕು ಕೊಟ್ಟ. “ನಮ್ಮ ಪ್ರೀತಿಯ ಸರಸ್ವತಜ್ಜಿ!” ಚಪ್ಪಾಳೆ ಬಿದ್ದವು. ಅಮ್ಮ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, “ನಾನೇನು ಮಹಾ ಮಾಡಿದೀನಪ್ಪ, ಮಕ್ಕಳ ಶ್ರಮ” ಎಂದು ನಕ್ಕಳು. ಮತ್ತೆ ಚಪ್ಪಾಳೆ. ದೀಪ ಆರಿತು. ಪರದೆಯ ಮೇಲೆ ಅಮ್ಮನ ಮುಖ ಗೋಡೆಯಷ್ಟು ದೊಡ್ಡದಾಗಿ ನಕ್ಕಿತು. ಆಮೇಲೆ ಕೈಗಳು ಬಂದವು. ಕಟ್ಟಿಗೆಯ ಮಣೆ, ಹಿಟ್ಟಿನ ಉಂಡೆ, ತಟ್ಟುವ ಎರಡು ಬರಿಗೈ. ಅಷ್ಟು ದೊಡ್ಡದಾಗಿ ಜಯಸಿಂಹ ಅವನ್ನು ಮೊದಲು ನೋಡಿರಲಿಲ್ಲ. ಮಣಿಕಟ್ಟಿನ ಸುತ್ತ ಬಿಸಿಲು ಕಾಣದ ಬಿಳಿ ಪಟ್ಟಿ, ಬಳೆಗಳಿದ್ದ ಜಾಗ. ಅದರ ಮೇಲೆ ಒಡೆದ ಗಾಜು ಗೀಚಿದ ಕೆಂಪು.

“ನೇತ್ರಾ, ನಿಲ್ಲಸು ಅದನ್ನ.”

ದನಿ ಹಿಂದಿನಿಂದ ಬಂತು, ಜೋರಾಗೇನಲ್ಲ. ನೇತ್ರಾ ನಿಲ್ಲಿಸಿದಳು. ಕೈಗಳು ಪರದೆಯ ಮೇಲೆ ಹಾಗೇ ನಿಂತವು. ಬಸು ಕುರ್ಚಿಗಳ ನಡುವೆ ಮುಂದೆ ಬಂದ. “ಅದು ನಮ್ಮಾಕಿ ಕೈ” ಎಂದ. ಯಾರೋ ಶ್ ಎಂದರು. “ಯಾಕ್ರಿ ಶ್ ಅಂತೀರಿ? ನಮ್ಮಾಕಿ ಕೈ ನನಗ ಗೊತ್ತಾಗೂದಿಲ್ಲೇನು? ದಿನಾ ಉಣ್ಣೂದು ಅದ ಕೈಲೆ.” ಪರದೆಯ ಹತ್ತಿರ ಬಂದು ಮಣಿಕಟ್ಟಿನ ಬಿಳಿ ಪಟ್ಟಿಗೆ ಬೆರಳು ತೋರಿಸಿದ. “ಬಳಿ ಎಲ್ಲಿ ಹೋದ್ವು?” ಚನ್ನವ್ವ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅಮ್ಮನೂ ಹಾಗೇ ಎಳೆದುಕೊಂಡಿದ್ದಳು, ಬಚ್ಚಲಿಂದ ಹೊರಬಂದಾಗ. ಬಸು ಜನರ ಕಡೆ ತಿರುಗಿದ. ಈಗ ಅವನ ದನಿ ಒಡೆಯಿತು. “ನಾ ಸತ್ತೀನೇನ್ರಿ? ಯಾರರ ಹೇಳ್ರಿ. ನಾ ರೋಡಿನ ಮ್ಯಾಲೆ ಇದ್ದೆ, ಗಾಡಿ ಹೊಡೀಲಿಕ್ಕತ್ತಿದ್ದೆ. ನಾ ಸತ್ತೀನೇನ್ರಿ?”

ವಸಿಷ್ಠ ನೇತ್ರಾಳತ್ತ ಓಡಿ, “ಕ್ಲೋಸ್ ಮಾಡು, ಕ್ಲೋಸ್ ಮಾಡು” ಎಂದು ಪಿಸುಗುಟ್ಟಿದ. ನೇತ್ರಾ ಲ್ಯಾಪ್‌ಟಾಪಿನ ಮೇಲೆ ಎರಡೂ ಅಂಗೈ ಊರಿ ನಿಂತಳು, ಮುಚ್ಚಲೂ ಇಲ್ಲ, ಮುಟ್ಟಗೊಡಲೂ ಇಲ್ಲ. ವಿನೋದಿನಿ ಮೇಡಂ ದೀಪ ಹಾಕಿಸಿದರು. ವೇದಿಕೆಯ ಮೇಲೆ ಅಮ್ಮ ಒಬ್ಬಳೇ ನಿಂತಿದ್ದಳು. ಪರದೆಯ ಕೈಗಳನ್ನು ನೋಡಿದಳು. ಚನ್ನವ್ವನ ಸೆರಗನ್ನು ನೋಡಿದಳು. ಬಲಗೈಯ ಬೆರಳು ಎಡಗೈ ಮಣಿಕಟ್ಟಿಗೆ ಹೋಗಿ ಅಲ್ಲಿ ಏನನ್ನೋ ಹುಡುಕಿದವು. ಬೇರೆಯವಳ ಕೈ ಎಂದು ಅವಳಿಗೆ ಗೊತ್ತಿತ್ತು, ಆ ಕೈಯಿಂದ ಬಳೆ ತೆಗೆಸಿದ್ದು ಗೊತ್ತಿರಲಿಲ್ಲ. ಅವನು ಹೇಳಿರಲಿಲ್ಲ. ಹೊಸ ವಿಡಿಯೋ ಯಾಕೋ ಎಂದು ಕೇಳಿದಾಗ, ಬೆಳಕು ಸರಿ ಬಂದಿರಲಿಲ್ಲ ಎಂದಿದ್ದ.

“ಜಯಾ.” ಮೈಕು ಅವಳ ಬಾಯಿಯ ಹತ್ತಿರವೇ ಇತ್ತು, ಹೆಸರು ಹಾಲಿನ ಗೋಡೆಗೆಲ್ಲ ಬಡಿಯಿತು. “ನನ್ನ ಮುಖಕ್ಕೆ ಸರಿಹೋಗ್ಲಿ ಅಂತ ಅವಳ ಬಳೆ ತೆಗೆಸಿದ್ರೇನೋ?”

ವಸಿಷ್ಠ, “ಅಜ್ಜಿ, ಅದು ಕಂಟಿನ್ಯೂಟಿಗೆ...” ಎಂದು ಬಾಯಿ ಹಾಕಿದ. “ನೀನು ಸುಮ್ನಿರಪ್ಪ” ಎಂದಳು ಅಮ್ಮ, ಅದೂ ಮೈಕಿನಲ್ಲೇ ಕೇಳಿಸಿತು. “ನಾನು ನನ್ನ ಮಗನ್ನ ಕೇಳ್ತಿದೀನಿ. ಯಾರೋ ತೆಗೆಸಿದ್ದು?”

ಬೆಳಿಗ್ಗೆಯಿಂದ ಹುಡುಕುತ್ತಿದ್ದ ಕಪಾಳ ಈಗ ಜಯಸಿಂಹನಿಗೆ ಸಿಕ್ಕಿತ್ತು. ಇಷ್ಟು ಜನ ನೋಡುತ್ತಿರುವಾಗ ಅದು ಧಗಧಗ ಉರಿಯುತ್ತಿತ್ತು. ಶಾಲೆ, ಜೂನು, ಡೊನೇಟ್ ಮಾಡುವವರು, ಎಲ್ಲ ತಲೆಯೊಳಗೆ ಒಂದರ ಮೇಲೊಂದು ಬಿದ್ದವು. ಟೀಮ್ ನಿರ್ಧಾರ ಎನ್ನಬಹುದಿತ್ತು. ವಸಿಷ್ಠ ಎನ್ನಬಹುದಿತ್ತು, ಅರ್ಧ ನಿಜವೇ ಅದು. ಅವನು ವೇದಿಕೆಯ ಮೆಟ್ಟಿಲ ಹತ್ತಿರ ಹೋಗಿ ಕತ್ತು ಬಗ್ಗಿಸಿ, ಅಮ್ಮನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, “ನಾನೇ ಅಮ್ಮ” ಎಂದ.

“ನನಗೆ ಯಾಕೆ ಹೇಳ್ತೀಯ?”

ಅವಳು ಬಗ್ಗಿ ಮೈಕನ್ನು ಅವನ ಬಾಯಿಗೆ ಹಿಡಿದಳು. ಮೈಕು ಅವನ ತುಟಿಗೆ ತಾಗುತ್ತಿತ್ತು, ಸೆರಗು ಜಾರಿ ಮಣಿಕಟ್ಟಿನ ಹಳೆಯ ಗೆರೆ ಅವನ ಕಣ್ಣೆದುರಿಗೇ ಬಂತು. “ಇದರಲ್ಲಿ ಹೇಳು. ಅವರ ಕಡೆ ತಿರುಗಿ ಹೇಳು.”

ಜಯಸಿಂಹ ತಿರುಗಿದ. ಪರದೆಯ ಬೆಳಕಿನಲ್ಲಿ ಬಸು ಕಾಯುತ್ತ ನಿಂತಿದ್ದ. ಅವನ ಹಿಂದೆ ಚನ್ನವ್ವ, ಈ ಕಡೆ ನೇತ್ರಾ. “ಬಸು ಅವರೇ” ಎಂದ. ಅವನದೇ ದನಿ ಅಷ್ಟು ದೊಡ್ಡದಾಗಿ ವಾಪಸು ಬಂದು ಕಿವಿಗೆ ಬಿತ್ತು. “ನಾನು ತೆಗೆಸಿದೆ. ಬೇಡ ಅಂತ ನಿಮ್ಮ ಮಗಳು ಹೇಳಿದಳು. ಮಾರ್ಕ್ಸ್ ಇದೆ ಅಂತ ಹೇಳಿ ನಾನು ತೆಗೆಸಿದೆ.”

ಬಸು ಅವನ ಮುಖವನ್ನೇ ನೋಡಿದ. ಒಂದು ಹೆಜ್ಜೆ ಮುಂದೆ ಬಂದ. ಜಯಸಿಂಹ ಕಣ್ಣು ಮುಚ್ಚಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಆದರೆ ಬಸು ಕೈ ಎತ್ತಲಿಲ್ಲ. ತಿರುಗಿ ಹೆಂಗಸರ ಸಾಲಿಗೆ ಹೋಗಿ, ಸೆರಗಿನೊಳಗಿನಿಂದ ಹೆಂಡತಿಯ ಕೈಯನ್ನು ಹೊರಗೆಳೆದು, ಬಳೆಗಳ ಸಮೇತ ಹಿಡಿದುಕೊಂಡು ಬಾಗಿಲ ಕಡೆ ನಡೆದ. ಹೋಗುತ್ತ ಮಗಳನ್ನು ಕರೆದ. ನೇತ್ರಾ ಲ್ಯಾಪ್‌ಟಾಪನ್ನು ತೆರೆದೇ ಇಟ್ಟು ಅವರ ಹಿಂದೆ ಹೋದಳು. ಪರದೆಯ ಮೇಲಿನ ಕೈಗಳನ್ನು ಆರಿಸಲು ಯಾರೂ ಮುಂದೆ ಬರಲಿಲ್ಲ, ಅಮ್ಮ ಇನ್ನೂ ಮೈಕನ್ನು ಅವನ ಬಾಯಿಗೇ ಹಿಡಿದಿದ್ದಳು.